ಕಲಿಯುವ ಕೈಗೆ ಹಳೆಯ ಕಾರು ಸಾಕೆ?

ಪಿಯುಸಿ ಫಲಿತಾಂಶ ಬಂದು, ಸಿಇಟಿ ಸೀಟು ಹಂಚಿಕೆಯ ಗಡಿಬಿಡಿ ಮುಗಿದು, ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುವ ಹೊತ್ತಿಗೆ ಮಹಾನಗರದ ಅನೇಕ ಮಧ್ಯಮ ವರ್ಗದ ಮನೆಗಳಲ್ಲಿ ಒಂದು ಚರ್ಚೆ ಆರಂಭವಾಗುತ್ತದೆ. ಹದಿನೆಂಟು ತುಂಬಿದೆ, ಚಾಲನಾ ಪರವಾನಗಿ ಕೈಗೆ ಬಂದಿದೆ, ಕಾಲೇಜು ಕೆಂಗೇರಿಯಾಚೆಗೋ ಯಲಹಂಕದಾಚೆಗೋ ಇದೆ. ಮಗನಿಗೋ ಮಗಳಿಗೋ ಒಂದು ಕಾರು ಬೇಡವೆ? ಚರ್ಚೆ ಬಹುಪಾಲು ಒಂದೇ ತೀರ್ಮಾನದಲ್ಲಿ ಮುಗಿಯುತ್ತದೆ: ‘ಕಲಿಯುವುದಕ್ಕೆ ಹಳೆಯದೇ ಸಾಕು. ಎಲ್ಲಾದರೂ ಉಜ್ಜಿಕೊಂಡು ಬಂದರೂ ನಷ್ಟವಿಲ್ಲ’. ಹೀಗೆ ಹನ್ನೆರಡು ವರ್ಷದ ಹಳೆಯ ಕಾರು ಮಕ್ಕಳ ಪಾಲಾಗುತ್ತದೆ. ತಂದೆ ತಮಗಾಗಿ ಹೊಸದೊಂದನ್ನು ಕೊಳ್ಳುತ್ತಾರೆ. ಮನೆಯಲ್ಲಿ ಹಳೆಯದಿಲ್ಲದಿದ್ದರೆ ಒಂದೂವರೆ, ಎರಡು ಲಕ್ಷ ರೂಪಾಯಿಯ ‘ಸೆಕೆಂಡ್ ಹ್ಯಾಂಡ್’ ಕಾರು ಮನೆಯ ಮುಂದೆ ಬಂದು ನಿಲ್ಲುತ್ತದೆ.

ಮೇಲ್ನೋಟಕ್ಕೆ ಇದು ಗೃಹಸ್ಥರ ವಿವೇಕದಂತೆ ಕಾಣುತ್ತದೆ. ಆದರೆ ಈ ಲೆಕ್ಕಾಚಾರದಲ್ಲಿ ಬಂಪರಿನ ಬೆಲೆ ಇದೆಯೇ ಹೊರತು ಒಳಗೆ ಕುಳಿತವರ ಜೀವದ ಬೆಲೆ ಇಲ್ಲ. ಮನೆಯವರ ಪೈಕಿ ಅಪಘಾತದ ಸಂಭವ ಅತ್ಯಂತ ಹೆಚ್ಚಿರುವ ಚಾಲಕನಿಗೆ, ಅಪಘಾತವಾದರೆ ಅತ್ಯಂತ ಕಡಿಮೆ ರಕ್ಷಣೆ ನೀಡುವ ವಾಹನವನ್ನು ನಾವು ಒಪ್ಪಿಸುತ್ತಿದ್ದೇವೆ. ಇಪ್ಪತ್ತು ವರ್ಷ ಕಾರು ಓಡಿಸಿ ಪಳಗಿದ ತಂದೆಗೆ ಆರು ಏರ್‌ಬ್ಯಾಗಿನ ಕವಚ. ನಿನ್ನೆ ಮೊನ್ನೆ ಸ್ಟಿಯರಿಂಗ್ ಹಿಡಿದ ಮಗಳಿಗೆ ಒಂದೂ ಏರ್‌ಬ್ಯಾಗಿಲ್ಲದ ತಗಡಿನ ಪೆಟ್ಟಿಗೆ. ಇದು ತಲೆಕೆಳಗಾದ ಕ್ರಮ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸಾವಿಗೀಡಾದರು. ಅವರಲ್ಲಿ ಮೂರನೆಯ ಎರಡರಷ್ಟು ಮಂದಿ 18ರಿಂದ 45ರ ವಯೋಮಾನದವರು. ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. ಸೀಟ್ ಬೆಲ್ಟ್ ಧರಿಸದೆ ಸತ್ತವರು 16,715 ಮಂದಿ. ಅವರಲ್ಲಿ ಅರ್ಧದಷ್ಟು ಮಂದಿ ಚಾಲಕರಲ್ಲ, ಜೊತೆಯಲ್ಲಿ ಕುಳಿತ ಪ್ರಯಾಣಿಕರು. ಎಳೆಯ ಚಾಲಕನ ಕಾರಿನಲ್ಲಿ ಅಪಾಯಕ್ಕೆ ಒಡ್ಡಿಕೊಳ್ಳುವುದು ಅವನೊಬ್ಬನೇ ಅಲ್ಲ, ಹಿಂದಿನ ಸೀಟಿನಲ್ಲಿ ಇಕ್ಕಟ್ಟಾಗಿ ಕುಳಿತ ಗೆಳೆಯರೂ ಹೌದು ಎಂಬುದನ್ನು ಈ ಕೊನೆಯ ಅಂಕಿ ನೆನಪಿಸುತ್ತದೆ.

ಹದಿಹರೆಯದವರ ಕೈಕಾಲು ಚುರುಕಾಗಿರುತ್ತದೆ, ಕಣ್ಣು ತೀಕ್ಷ್ಣವಾಗಿರುತ್ತದೆ. ಕೊರತೆ ಇರುವುದು ಮುಂದಾಗುವುದನ್ನು ಊಹಿಸುವ ಶಕ್ತಿಯಲ್ಲಿ. ನಿಂತ ಬಸ್ಸಿನ ಮುಂದಿನಿಂದ ಯಾರಾದರೂ ಅಡ್ಡ ಬರಬಹುದು, ಮೊದಲ ಮಳೆಗೆ ರಸ್ತೆ ಜಾರಬಹುದು, ಎದುರಿನ ಲಾರಿಗೆ ನಮ್ಮ ಕಾರು ಕಾಣದಿರಬಹುದು ಎಂಬ ಎಚ್ಚರ ವರ್ಷಗಳ ಅನುಭವದಿಂದ ಮಾತ್ರ ಬರುತ್ತದೆ. ನಮ್ಮ ಡ್ರೈವಿಂಗ್ ಶಾಲೆಗಳ ಕೆಲವು ವಾರಗಳ ತರಬೇತಿ ಬಹುಮಟ್ಟಿಗೆ ಹಗಲು ಹೊತ್ತಿನಲ್ಲಿ, ಪರಿಚಿತ ಬಡಾವಣೆಗಳಲ್ಲಿ ನಡೆಯುತ್ತದೆ. ಇರುಳು, ಮಳೆ, ಹೆದ್ದಾರಿ, ಘಾಟಿ ರಸ್ತೆ ಇವಾವುದೂ ಆ ಪಾಠದಲ್ಲಿಲ್ಲ. ಆರ್‌ಟಿಒ ಆವರಣದಲ್ಲಿ ‘ಎಂಟು’ ಹಾಕಿ ತೋರಿಸಿದ ಮಾತ್ರಕ್ಕೆ ಶಿರಾಡಿ ಘಾಟಿಯ ತಿರುವನ್ನು ನಿಭಾಯಿಸುವ ಕಲೆ ಕರಗತವಾಗುವುದಿಲ್ಲ.

‘ನಾವೆಲ್ಲ ಮಾರುತಿ 800ರಲ್ಲೇ ಕಲಿತೆವು, ನಮಗೇನಾಯಿತು?’ ಎಂಬ ಮಾತು ಇಲ್ಲಿ ತಪ್ಪದೆ ಬರುತ್ತದೆ. 1983ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಆ ಪುಟ್ಟ ಕಾರು ಭಾರತದ ಮಧ್ಯಮ ವರ್ಗಕ್ಕೆ ಕಾರಿನ ಬಾಗಿಲು ತೆರೆಯಿತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ‘ನಮಗೇನಾಯಿತು’ ಎಂದು ಕೇಳಲು ಬದುಕಿ ಉಳಿದವರಿಗೆ ಮಾತ್ರ ಸಾಧ್ಯ. ಉಳಿಯದವರು ಈ ಚರ್ಚೆಗೆ ಬರುವುದಿಲ್ಲ. ಮೇಲಾಗಿ ಆ ಕಾಲದ ರಸ್ತೆಗಳೂ ವೇಗವೂ ಬೇರೆ. ಇಂದಿನ ಎಳೆಯರು ಕಲಿಯುವುದು ಒಂದು ಕೋಟಿಗೂ ಹೆಚ್ಚು ವಾಹನಗಳಿರುವ ಬೆಂಗಳೂರಿನಲ್ಲಿ, ಆರು ಪಥ, ಎಂಟು ಪಥದ ಹೆದ್ದಾರಿಗಳ ನಡುವೆ.

ಮಾರುತಿ 800ರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅದೇ ತಿಂಗಳ ಕೊನೆಯಲ್ಲಿ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳ ಡಿಕ್ಕಿ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿತು. ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ: ದೊಡ್ಡವರ ರಕ್ಷಣೆಯ ವಿಷಯದಲ್ಲಿ ಐದಕ್ಕೂ ಸಿಕ್ಕಿದ್ದು ಸೊನ್ನೆ ನಕ್ಷತ್ರ. ಇವುಗಳಲ್ಲಿ ಪೋಲೊ ಕಾರಿನ ಕತೆ ಗಮನಾರ್ಹ. ಏರ್‌ಬ್ಯಾಗ್ ಇಲ್ಲದೆ ಸೊನ್ನೆ ಪಡೆದ ಅದೇ ಕಾರು ಎರಡು ಏರ್‌ಬ್ಯಾಗ್‌ಗಳೊಂದಿಗೆ ನಾಲ್ಕು ನಕ್ಷತ್ರ ಗಳಿಸಿತು. ನಾವು ಐಚ್ಛಿಕವೆಂದು ತಿಳಿದು ಹಣ ಉಳಿಸುತ್ತಿದ್ದ ಸಲಕರಣೆಗೆ ಸಾವು ಬದುಕಿನ ಅಂತರವನ್ನು ನಿರ್ಧರಿಸುವ ಶಕ್ತಿಯಿತ್ತು ಎಂಬುದು ಅಂದು ಬಯಲಾಯಿತು.

ಬಳಿಕ ಸರ್ಕಾರದ ನಿಯಮಗಳು ಬಿಗಿಯಾದವು. ಡಿಕ್ಕಿ ಪರೀಕ್ಷೆಯ ಮಾನದಂಡಗಳು 2017ರ ಅಕ್ಟೋಬರಿನಿಂದ ಹೊಸ ಮಾದರಿಗಳಿಗೆ, 2019ರ ಅಕ್ಟೋಬರಿನಿಂದ ಎಲ್ಲ ಕಾರುಗಳಿಗೆ ಅನ್ವಯವಾದವು. 2019ರ ಏಪ್ರಿಲ್‌ನಿಂದ ಎಬಿಎಸ್ ಬ್ರೇಕ್, ಅದೇ ವರ್ಷದ ಜುಲೈಯಿಂದ ಚಾಲಕನ ಏರ್‌ಬ್ಯಾಗ್ ಮತ್ತು ವೇಗ ಮೀರಿದಾಗ ಎಚ್ಚರಿಸುವ ಸದ್ದು ಕಡ್ಡಾಯವಾದವು. ಮುಂದಿನ ಎರಡೂ ಸೀಟುಗಳಿಗೆ ಏರ್‌ಬ್ಯಾಗ್ ಎಲ್ಲ ಕಾರುಗಳಲ್ಲೂ ಕಡ್ಡಾಯವಾದದ್ದು 2021ರ ಕೊನೆಗೆ. 2023ರ ಅಕ್ಟೋಬರಿನಿಂದ ಭಾರತ್ ಎನ್‌ಸಿಎಪಿ ಎಂಬ ನಮ್ಮದೇ ನಕ್ಷತ್ರ ಶ್ರೇಣಿಯೂ ಜಾರಿಯಲ್ಲಿದೆ. ಆದರೆ ಅದು ತಯಾರಕರ ಇಚ್ಛೆಗೆ ಬಿಟ್ಟದ್ದು.

ಈ ಇಸವಿಗಳು ಕೊಳ್ಳುವವರಿಗೆ ಒಂದು ಸರಳ ಪಾಠ ಹೇಳುತ್ತವೆ. ಹಳೆಯ ಕಾರನ್ನು ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಕಿಲೋಮೀಟರ್ ಓಡಿದೆ’ ಎಂಬುದಲ್ಲ, ‘ಯಾವಾಗ ತಯಾರಾಯಿತು’ ಎಂಬುದು. ತಯಾರಾದ ತಿಂಗಳು, ವರ್ಷ ನೋಂದಣಿ ಪತ್ರದಲ್ಲೇ ಇರುತ್ತದೆ. 2022 ಅಥವಾ ಅನಂತರದ ಕಾರಾದರೆ ಕನಿಷ್ಠ ಎರಡು ಏರ್‌ಬ್ಯಾಗ್ ಮತ್ತು ಎಬಿಎಸ್ ಇದ್ದೇ ಇರುತ್ತವೆ. ಅದಕ್ಕಿಂತ ಹಿಂದಿನದಾದರೆ, ಮಾದರಿಯ ಹೆಸರು ಒಂದೇ ಇದ್ದರೂ ಕೆಳ ಶ್ರೇಣಿಯ ಆವೃತ್ತಿಯಲ್ಲಿ ಏನಿತ್ತು, ಏನಿರಲಿಲ್ಲ ಎಂಬುದನ್ನು ವಿಚಾರಿಸಲೇಬೇಕು. ಇಂಜಿನ್ ಚಾಲೂ ಮಾಡಿದಾಗ ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ದೀಪ ಒಮ್ಮೆ ಬೆಳಗಿ ಆರಬೇಕು. ಆರದೇ ಉಳಿದರೂ ದೋಷ, ಬೆಳಗದೇ ಇದ್ದರೂ ದೋಷ. ಹಿಂದೆ ಡಿಕ್ಕಿಯಾಗಿ ಏರ್‌ಬ್ಯಾಗ್ ಬಿಚ್ಚಿಕೊಂಡ ಕಾರು ಹೊರಗಿನ ಹೊಳಪಿನಲ್ಲಿ ಅದನ್ನು ಮರೆಸಬಲ್ಲದು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನೂ ನೋಡಬೇಕು. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದ ಟೈರು. ಗೀರುಗಳು ಚೆನ್ನಾಗಿ ಕಂಡರೂ ವಯಸ್ಸಾದ ರಬ್ಬರು ಹಿಡಿತ ಕಳೆದುಕೊಂಡಿರುತ್ತದೆ. ಸಾಧ್ಯವಾದರೆ ಇಎಸ್‌ಸಿ, ಅಂದರೆ ತಿರುವಿನಲ್ಲೋ ಒದ್ದೆ ರಸ್ತೆಯಲ್ಲೋ ಕಾರು ಅಡ್ಡಾದಿಡ್ಡಿ ಜಾರದಂತೆ ತಾನಾಗಿಯೇ ಹಿಡಿದಿಡುವ ವ್ಯವಸ್ಥೆ ಇರುವ ಕಾರನ್ನೇ ಆರಿಸಬೇಕು. ಗಾಬರಿಯಲ್ಲಿ ಸ್ಟಿಯರಿಂಗ್ ತಿರುಗಿಸುವ ಹೊಸ ಚಾಲಕನಿಗೆ ಇದಕ್ಕಿಂತ ಉಪಯುಕ್ತವಾದದ್ದು ಕಡಿಮೆ. ಸಂಗೀತದ ಪರದೆ, ಮಿಶ್ರಲೋಹದ ಚಕ್ರ, ಛಾವಣಿಯ ಕಿಟಕಿಗೆ ಕೊಡುವ ಹಣವನ್ನು ಇದಕ್ಕೆ ಕೊಡುವುದು ಲೇಸು.

ಹಳೆಯ ಕಾರು ಅಪಾಯಕಾರಿ ಎಂದೊಡನೆ ದೊಡ್ಡ ಕಾರು ಕೊಡಿಸಬೇಕೆಂದು ಅರ್ಥವಲ್ಲ. ಅನುಕೂಲಸ್ಥರ ಮನೆಗಳಲ್ಲಿ ನಡೆಯುವ ತಪ್ಪು ಇದಕ್ಕೆ ತದ್ವಿರುದ್ಧವಾದದ್ದು. ಅಲ್ಲಿ ಕಾರು ರಕ್ಷಣೆಯ ಸಾಧನವಲ್ಲ, ಅಂತಸ್ತಿನ ಗುರುತು. 2024ರ ಮೇ ತಿಂಗಳಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಹದಿನೇಳು ವರ್ಷದ ಹುಡುಗ ಓಡಿಸುತ್ತಿದ್ದ ಐಷಾರಾಮಿ ಕಾರು ಬೈಕಿಗೆ ಬಡಿದು ಇಬ್ಬರು ಯುವ ಎಂಜಿನಿಯರುಗಳು ಸತ್ತದ್ದನ್ನೂ, ಆ ಹುಡುಗನಿಗೆ ಮುನ್ನೂರು ಪದಗಳ ಪ್ರಬಂಧ ಬರೆಯುವ ಷರತ್ತಿನ ಮೇಲೆ ಕೆಲವೇ ಗಂಟೆಗಳಲ್ಲಿ ಜಾಮೀನು ಸಿಕ್ಕಿದ್ದನ್ನೂ ದೇಶ ಮರೆತಿಲ್ಲ. ಹೊಸ ಚಾಲಕನಿಗೆ ಬೇಕಾದದ್ದು ಸಾಧಾರಣ ಶಕ್ತಿಯ ಇಂಜಿನ್, ಗಟ್ಟಿ ಒಡಲು, ಸುತ್ತಲಿನದು ಚೆನ್ನಾಗಿ ಕಾಣುವ ಗಾಜುಗಳು. ಕಾಲಿಟ್ಟೊಡನೆ ಹಾರುವ ಕಾರು ಬೇಡ. ರಸ್ತೆಯಲ್ಲಿ ಇನ್ನೊಬ್ಬರ ಮಕ್ಕಳೂ ಇದ್ದಾರೆ.

ನಕ್ಷತ್ರಗಳ ಮಿತಿಯನ್ನೂ ಅರಿತಿರಬೇಕು. ಮುಂಭಾಗದ ಡಿಕ್ಕಿ ಪರೀಕ್ಷೆ ನಡೆಯುವುದು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳಿಗೆ ಇರುವ ಮಿತಿ 100. ಡಿಕ್ಕಿಯ ಆಘಾತ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ ಆ ವೇಗದಲ್ಲಿ ಅದು ಪರೀಕ್ಷೆಯ ಸುಮಾರು ಎರಡೂವರೆ ಪಟ್ಟಾಗಿರುತ್ತದೆ. ಐದು ನಕ್ಷತ್ರದ ಕಾರೂ ಅಲ್ಲಿ ಅಭಯಹಸ್ತವಲ್ಲ. ಸೀಟ್ ಬೆಲ್ಟ್ ಇಲ್ಲದಿದ್ದರೆ ಏರ್‌ಬ್ಯಾಗೂ ಮಿತ್ರನಾಗಿ ಉಳಿಯುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಸತ್ತದ್ದು ದುಬಾರಿ ಕಾರೊಂದರ ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ ಕುಳಿತಿದ್ದಾಗ.

ಇಷ್ಟೆಲ್ಲ ಹೇಳಿದರೆ, ‘ಹಾಗಾದರೆ ಕಾರೇ ಬೇಡ, ಬೈಕು ಕೊಡಿಸುತ್ತೇವೆ’ ಎನ್ನುವ ಹೆತ್ತವರಿದ್ದಾರೆ. 2022ರಲ್ಲಿ ಸತ್ತವರ ಪೈಕಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಬಾಣಲೆಯಿಂದ ಬೆಂಕಿಗೆ ಬಿದ್ದಂತೆ ಎಂಬ ಗಾದೆ ಇಂಥ ನಿರ್ಧಾರಕ್ಕೇ ಒಪ್ಪುತ್ತದೆ. ಮೆಟ್ರೊ, ಬಿಎಂಟಿಸಿ, ಕಾಲೇಜು ಬಸ್ಸು ಎಟುಕುವಲ್ಲಿ ಸ್ವಂತ ವಾಹನವೇ ಬೇಡವೆನ್ನುವುದು ಎಲ್ಲಕ್ಕಿಂತ ಕ್ಷೇಮ. ಅದು ಎಟುಕದ ಕಡೆ, ದ್ವಿಚಕ್ರಕ್ಕಿಂತ ಒಳ್ಳೆಯ ಸಣ್ಣ ಕಾರು ಮೇಲು.

ಕಾರಿನ ಆಯ್ಕೆಯಷ್ಟೇ ಮುಖ್ಯವಾದದ್ದು ಅದರ ಕೀಲಿಯನ್ನು ಯಾವ ನಿಯಮದೊಂದಿಗೆ ಕೊಡುತ್ತೇವೆ ಎಂಬುದು. ನಸುಕಿಗೆ ಮುನ್ನ ಎದ್ದು ನಾಲ್ವರು ಗೆಳೆಯರೊಂದಿಗೆ ನಂದಿಬೆಟ್ಟದ ಸೂರ್ಯೋದಯಕ್ಕೆ ಹೊರಡುವುದು ಬೆಂಗಳೂರಿನ ಯುವಕರ ಪ್ರಿಯವಾದ ವಾರಾಂತ್ಯ. ನಿದ್ದೆಗೆಟ್ಟ ಕಣ್ಣು, ಕತ್ತಲು, ಖಾಲಿ ರಸ್ತೆ, ಗೆಳೆಯರ ಹುರುಪು, ಹೊಸ ಚಾಲಕ: ಅಪಾಯದ ಅಷ್ಟೂ ಅಂಶಗಳು ಅಲ್ಲಿ ಕೂಡಿಬರುತ್ತವೆ. ಇದನ್ನು ಅರಿತೇ ನ್ಯೂಜಿಲೆಂಡ್ 1987ರಲ್ಲಿ ಹಂತ ಹಂತದ ಪರವಾನಗಿ ಪದ್ಧತಿಯನ್ನು ತಂದಿತು. ಹೊಸಬರು ಮಧ್ಯದ ಹಂತದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಒಬ್ಬರೇ ಓಡಿಸುವಂತಿಲ್ಲ. ಅನುಭವಿಯೊಬ್ಬರು ಪಕ್ಕದಲ್ಲಿಲ್ಲದೆ ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ಅಮೆರಿಕದ ರಾಜ್ಯಗಳೂ ಇದೇ ಹಾದಿ ಹಿಡಿದವು. ನಮ್ಮಲ್ಲಿ ಮಾತ್ರ ಕಲಿಕಾ ಪರವಾನಗಿ ಪಡೆದ ತಿಂಗಳ ನಂತರ ಪರೀಕ್ಷೆ ಬರೆಸಿಕೊಂಡು ಹೊರಬಂದ ಹದಿನೆಂಟರ ಹುಡುಗ ಅಂದು ರಾತ್ರಿಯೇ ಐವರನ್ನು ಕೂರಿಸಿಕೊಂಡು ಯಾವ ಕಾರನ್ನಾದರೂ ಯಾವ ಹೆದ್ದಾರಿಯಲ್ಲಾದರೂ ಓಡಿಸಬಹುದು. ಕೇಂದ್ರ ಸರ್ಕಾರ ಈ ಪದ್ಧತಿಯನ್ನು ನಮ್ಮಲ್ಲೂ ತರಬೇಕು. ಹಳೆಯ ಕಾರು ಮಾರುವವರು ಏರ್‌ಬ್ಯಾಗಿನ ಸ್ಥಿತಿಯನ್ನೂ ಹಿಂದಿನ ಅಪಘಾತವನ್ನೂ ಲಿಖಿತವಾಗಿ ತಿಳಿಸುವುದು ಕಡ್ಡಾಯವಾಗಬೇಕು.

ಕಾನೂನು ಬರುವ ತನಕ ಮನೆಯೇ ಆ ಕಾನೂನನ್ನು ಮಾಡಿಕೊಳ್ಳಬಹುದು. ಮೊದಲ ಆರು ತಿಂಗಳು ಇರುಳು ಚಾಲನೆಯಿಲ್ಲ. ಹೆದ್ದಾರಿಗೆ ಹೊರಟರೆ ಪಕ್ಕದಲ್ಲಿ ಹಿರಿಯರೊಬ್ಬರು. ಎಲ್ಲರೂ ಬೆಲ್ಟ್ ಹಾಕಿದ ಮೇಲೆಯೇ ಕಾರು ಹೊರಡಬೇಕು. ಚಾಲಕನ ಮೊಬೈಲ್ ಕೈಗೆಟುಕದ ಕಡೆ ಇರಬೇಕು. ಹದಿನೆಂಟು ತುಂಬುವ ಮೊದಲಂತೂ ಕೀಲಿಯ ಮಾತೇ ಬೇಡ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಹೆತ್ತವರಿಗೆ ಅಥವಾ ಮಾಲೀಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಪರವಾನಗಿ ಇಲ್ಲ.

ಎಲ್ಲರಿಗೂ ಹೊಸ ಕಾರು ಕೊಳ್ಳುವ ಶಕ್ತಿ ಇರುವುದಿಲ್ಲ, ನಿಜ. ಆದರೆ ಮನೆಯಲ್ಲಿ ಎರಡು ಕಾರುಗಳಿರುವವರಿಗೆ ಒಂದು ಪೈಸೆ ಖರ್ಚಿಲ್ಲದ ದಾರಿಯಿದೆ. ಕೀಲಿಗಳನ್ನು ಅದಲುಬದಲು ಮಾಡಿದರೆ ಸಾಕು. ಹಳೆಯ ಕಾರು ಅನುಭವಿಯಾದ ತಂದೆಯ ಪಾಲಿಗಿರಲಿ, ರಕ್ಷಣೆ ಹೆಚ್ಚಿರುವ ಹೊಸದು ಕಲಿಯುವ ಕೈಗಿರಲಿ. ಒಂದೇ ಕಾರು ಇರುವ ಮನೆಯಲ್ಲಿ ಎರಡನೆಯ ಅಗ್ಗದ ಕಾರು ತರುವ ಬದಲು ಇರುವ ಒಳ್ಳೆಯದನ್ನೇ ಹಂಚಿಕೊಳ್ಳಬಹುದು. ಹೊಸ ಕಾರಿಗೆ ಗೀರು ಬೀಳುತ್ತದೆ, ಬಾಗಿಲು ತಗ್ಗಾಗುತ್ತದೆ, ಅಂದು ಮನೆಯಲ್ಲಿ ಸ್ವಲ್ಪ ಮಾತು ಬೆಳೆಯುತ್ತದೆ. ಅದನ್ನು ಯಾವ ಗ್ಯಾರೇಜಿನಲ್ಲಾದರೂ ಸರಿಪಡಿಸಬಹುದು.