ಬೆನ್ನಿನ ವಿದ್ಯೆಗೆ ಯಾವ ದಾರಿ?

ನೀಟ್ ಫಲಿತಾಂಶ ಬಂತೆಂದರೆ ರೋಣ, ನರಗುಂದ, ಗಜೇಂದ್ರಗಡದ ಎಷ್ಟೋ ಮನೆಗಳಲ್ಲಿ ಒಂದೇ ಚಿಂತೆ: ಎಂಬಿಬಿಎಸ್ ಸೀಟು ಸಿಗದಿದ್ದರೆ ಮುಂದೇನು? ಕುತ್ತಿಗೆ ಲಟಕ್ಕೆನ್ನಿಸುವ ವಿಡಿಯೊ ನೋಡಿ ಕೈರೊಪ್ರಾಕ್ಟಿಕ್ ಕಲಿಯಬೇಕೆನ್ನುವ ಮಕ್ಕಳೂ ಈಗ ಇದ್ದಾರೆ. ಆಸೆ ತಪ್ಪಲ್ಲ. 1895ರಲ್ಲಿ ಡಿ.ಡಿ. ಪಾಮರ್ ಅಮೆರಿಕದ ಡ್ಯಾವೆನ್‌ಪೋರ್ಟಿನಲ್ಲಿ ಶುರುಮಾಡಿದ ಈ ಪದ್ಧತಿಗೆ ಆ ದೇಶದಲ್ಲಿ ಪದವಿಯೂ ಉಂಟು, ಪರವಾನಗಿಯೂ ಉಂಟು. ನಮ್ಮಲ್ಲಿ ಅದಕ್ಕೆಂದೇ ಶಾಸನಬದ್ಧ ಪರಿಷತ್ತಿಲ್ಲ. ಕೆಲವೇ ದಿನಗಳ ತರಬೇತಿಯ ಸರ್ಟಿಫಿಕೇಟು ಹಿಡಿದು ಇನ್ನೊಬ್ಬರ ಕುತ್ತಿಗೆಗೆ ಕೈ ಹಾಕುವುದು ಅಪಾಯ. ರಭಸದಿಂದ ತಿರುಗಿಸಿದಾಗ ರಕ್ತನಾಳ ಸೀಳಿ, ಅಪರೂಪಕ್ಕಾದರೂ, ಪಾರ್ಶ್ವವಾಯು ಹೊಡೆದದ್ದುಂಟು. ಇದೇ ಆಸಕ್ತಿಗೆ ಫಿಸಿಯೋಥೆರಪಿ ಪದವಿಯೇ ಸರಿಯಾದ ದಾರಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. 2021ರ ಕೇಂದ್ರ ಕಾಯ್ದೆ ಅದನ್ನು ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿದೆ. ಕೀಲು, ಸ್ನಾಯುಗಳನ್ನು ಕೈಯಿಂದಲೇ ಸಡಿಲಿಸುವ ಚಿಕಿತ್ಸೆಯೂ ಅಲ್ಲಿನ ಪಾಠ. ಆಯುರ್ವೇದಕ್ಕಾದರೆ ರೋಣ, ಗಜೇಂದ್ರಗಡದಲ್ಲೇ ಕಾಲೇಜುಗಳಿವೆ. ಆದರೆ ಅದಕ್ಕೂ ನೀಟ್ ಬೇಕು, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಹಿಡಿಯುತ್ತದೆ. ಗಜೇಂದ್ರಗಡದಲ್ಲಿ ದಿನವಿಡೀ ಮಗ್ಗದ ಮುಂದೆ ಕೂರುವ ನೇಕಾರರನ್ನು, ನರಗುಂದದ ಎರೆಹೊಲದಲ್ಲಿ ಬಗ್ಗಿ ಕಳೆ ತೆಗೆಯುವ ಹೆಣ್ಣುಮಕ್ಕಳನ್ನು ಒಮ್ಮೆ ಕೇಳಿ ನೋಡಿ: ಟೊಂಕನೋವು ಇಲ್ಲದವರು ಎಷ್ಟು ಜನ? ಒಂದೆರಡು ಸಲ ಲಟಿಕೆ ತೆಗೆದರೆ ಅದು ಹೋಗುವಂಥದ್ದಲ್ಲ. ವಾರವಾರ ವ್ಯಾಯಾಮ ಮಾಡಿಸಿ, ಕೂರುವ, ಬಗ್ಗುವ ರೀತಿಯನ್ನೇ ತಿದ್ದುವ ಓದಿದ ಫಿಸಿಯೋಥೆರಪಿಸ್ಟರು ಈ ಮೂರೂ ಊರಿಗೆ ಬೇಕು, ಅವರು ನಮ್ಮ ಮಕ್ಕಳೇ ಆಗಲಿ.