ಕಲಿಗಾಲವೆಂದು ಕೈತೊಳೆದುಕೊಳ್ಳುವ ಮುನ್ನ

ಮಗ ತಂದೆಯನ್ನು ಕೊಂದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ನಮ್ಮ ಸಂಘದ ವಾಚನಾಲಯದಲ್ಲಿ ಒಂದೇ ಉದ್ಗಾರ: 'ಕಲಿಗಾಲ ಸ್ವಾಮಿ!' ಹಾಗೆಂದುಬಿಟ್ಟರೆ ಮುಂದೆ ವಿಚಾರ ಮಾಡುವ ಹೊಣೆ ಉಳಿಯುವುದಿಲ್ಲ. ಆದರೆ ಅಜಾತಶತ್ರುವಿನಿಂದ ಬಿಂಬಿಸಾರನಿಗೆ ಒದಗಿದ ಸಾವನ್ನು ಬೌದ್ಧ ಗ್ರಂಥಗಳು ಬುದ್ಧನ ಕಾಲದಲ್ಲೇ ಇರಿಸಿವೆ. ತಂದೆಯ ಆಜ್ಞೆಯಂತೆ ತಾಯಿಯ ಶಿರವನ್ನು ಕಡಿದ ಪರಶುರಾಮನ ಕಥೆ ಸವದತ್ತಿಯ ಗುಡ್ಡ ಹತ್ತಿದವರಿಗೆ ಹೊಸದಲ್ಲ.

ಅಮೆರಿಕದ ಅಪರಾಧಶಾಸ್ತ್ರಜ್ಞೆ ಕ್ಯಾಥ್ಲೀನ್ ಹೈಡ್ ಈ ವಿಷಯವನ್ನು ದಶಕಗಳಿಂದ ಅಭ್ಯಾಸ ಮಾಡಿದವರು. 1992ರಲ್ಲಿ ಪ್ರಕಟವಾದ ಅವರ ಗ್ರಂಥವು ಇಂಥ ಹಂತಕರಲ್ಲಿ ಮೂರು ಬಗೆಯನ್ನು ಗುರುತಿಸುತ್ತದೆ: ತೀವ್ರ ಹಿಂಸೆಯುಂಡವರು, ತೀವ್ರ ಮನೋರೋಗಿಗಳು, ಸ್ವಾರ್ಥಕ್ಕಾಗಿ ಯಾವುದಕ್ಕೂ ಹೇಸದ ಸಮಾಜಘಾತುಕರು. ನಮ್ಮ ಉದ್ಗಾರ ಸಲ್ಲುವುದು, ಸಲ್ಲುವುದಾದರೆ, ಮೂರನೆಯವರಿಗೆ ಮಾತ್ರ. ಹದಿಹರೆಯದವರಲ್ಲಿ ಹಿಂಸೆಯುಂಡವರೇ ಹೆಚ್ಚಾಗಿ ಕಾಣುತ್ತಾರೆ. ಅವರು ಮೊದಲು ಯಾರಲ್ಲಾದರೂ ಹೇಳಿಕೊಂಡಿರುತ್ತಾರೆ, ಓಡಿಹೋಗಲು ಯತ್ನಿಸಿರುತ್ತಾರೆ, ಯಾವುದೂ ಫಲಿಸಿರುವುದಿಲ್ಲ. ಆದರೆ ಇಂಥ ಕೊಲೆಗಳಲ್ಲಿ ಹೆಚ್ಚಿನವು ಬಾಲಕರ ಕೃತ್ಯಗಳಲ್ಲ, ವಯಸ್ಕ ಪುತ್ರರವು. ಅಲ್ಲಿ ಮನೋರೋಗದ ಪಾತ್ರ ದೊಡ್ಡದು.

ಈ ವಿಂಗಡಣೆ ಕಡತದ ವಿಷಯಸೂಚಿಯಷ್ಟು ಸಲೀಸಲ್ಲವೆನ್ನಿ. 1989ರಲ್ಲಿ ತಂದೆತಾಯಿಯರನ್ನು ಗುಂಡಿಕ್ಕಿ ಕೊಂದ ಕ್ಯಾಲಿಫೋರ್ನಿಯದ ಮೆನೆಂಡೆಜ್ ಸಹೋದರರನ್ನು ಸರಕಾರಿ ವಕೀಲರು ಆಸ್ತಿಗೆ ಆಸೆಬಿದ್ದವರೆಂದರು. ಅವರು ತಮ್ಮನ್ನು ದೌರ್ಜನ್ಯಕ್ಕೆ ತುತ್ತಾದವರೆಂದರು. ಮೊದಲ ವಿಚಾರಣೆಯಲ್ಲಿ ಜ್ಯೂರಿಗಳಿಗೆ ಒಮ್ಮತವೇ ಸಾಧ್ಯವಾಗಲಿಲ್ಲ.

ಮನೋರೋಗಿಗಳಲ್ಲಿ ಬಹುಪಾಲು ಜನ ಯಾರಿಗೂ ಕೇಡು ಬಗೆಯುವವರಲ್ಲ. ಇದನ್ನು ಒತ್ತಿ ಹೇಳಬೇಕು. ಅಪಾಯವಿರುವುದು ಚಿಕಿತ್ಸೆಯಿಲ್ಲದೆ ಬೆಳೆಯುವ ರೋಗದಲ್ಲಿ, ಅದನ್ನು ಒಬ್ಬಂಟಿಯಾಗಿ ಹೊರುವ ವೃದ್ಧ ತಾಯಿತಂದೆಯರ ಮನೆಯಲ್ಲಿ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಬಹುತೇಕ ಮಾನಸಿಕ ಕಾಯಿಲೆಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ರೋಗಿಗಳು ಚಿಕಿತ್ಸೆಯಿಂದ ವಂಚಿತರು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿ. 1996ರಿಂದ ಅದು ದೇಶದಲ್ಲಿ ಹಬ್ಬಿತು. ಆದರೂ ಈ ಅಂಕಿ! ಬುದ್ಧಿವಿಕಲತೆಯಿಂದಾದ ಕೃತ್ಯಕ್ಕೆ ಹಿಂದಿನ ದಂಡಸಂಹಿತೆಯ 84ನೆಯ ಕಲಮು ಕೊಡುತ್ತಿದ್ದ ವಿನಾಯಿತಿ 2023ರ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳಿದಿದೆ. ಅದು ಉಪಯೋಗಕ್ಕೆ ಬರುವುದು ಹೆಣ ಬಿದ್ದ ಮೇಲೆ.

ನಮ್ಮ ವಸತಿ ಸಮುಚ್ಚಯದಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರಿದ್ದರು. ಮಗ ರಾತ್ರಿಯೆಲ್ಲ ಗೋಡೆಯೊಡನೆ ಮಾತಾಡುತ್ತಾನೆ, ಅನ್ನದಲ್ಲಿ ವಿಷವಿದೆಯೆನ್ನುತ್ತಾನೆ ಎಂದು ಒಮ್ಮೆ ತಗ್ಗಿದ ದನಿಯಲ್ಲಿ ಹೇಳಿದರು. 'ಮದುವೆ ಮಾಡಿ ಸಾರ್, ಸರಿಹೋಗುತ್ತಾನೆ' ಎಂದವನು ನಾನೇ, ಸ್ನಾತಕೋತ್ತರ ಪದವೀಧರ. ಆರು ತಿಂಗಳ ನಂತರ ಅವರ ಕೈಗೆ ಪ್ಲಾಸ್ಟರ್ ಬಿದ್ದಿತ್ತು. ಸ್ನಾನದ ಮನೆಯಲ್ಲಿ ಜಾರಿದೆ ಎಂದರು. ನಾನು ನಂಬಿದಂತೆ ನಟಿಸಿದೆ.

ತಿಂಗಳಿಗೊಮ್ಮೆ ಕನ್ನಡ ಬಲ್ಲ ಮನೋವೈದ್ಯರೊಬ್ಬರನ್ನು ಸಂಘಕ್ಕೆ ಕರೆಸೋಣವೆಂದು ಕಳೆದ ಕಾರ್ಯಕಾರಿ ಸಮಿತಿಯಲ್ಲಿ ಸೂಚಿಸಿದೆ. 'ಎಲ್ಲರೆದುರು ಯಾರು ಬರುತ್ತಾರೆ? ನಾಳೆ ವಧೂವರರ ಪುಟಕ್ಕೆ ಹೆಸರು ಕೊಡುವವರಲ್ಲವೆ?' ಎಂದರೊಬ್ಬರು. ಹಿಂಬಾಗಿಲಿನಿಂದ ಬರಲಿ ಎಂದೆ. ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ.