ಕಾರ್ಡ್ ಬರೆಯಲು ನಮ್ಮ ಸ್ವರಾಕ್ಷರಗಳೇ ಸಾಕು

ಮಧುವನಹಳ್ಳಿ, ಹನೂರು, ಯಳಂದೂರಿನ ಕಡೆ ಮಾದಪ್ಪನ ಪದಕ್ಕೆ ಕಂಸಾಳೆ, ದಮ್ಮಡಿ ಇದ್ದರೆ ಸಾಕು. ನೀಲಗಾರರಿಗೆ ತಂಬೂರಿ ಸಾಕು. ಅದೇ ಮಟ್ಟುಗಳು ಸಿನಿಮಾ, ಆರ್ಕೆಸ್ಟ್ರಾ ಹತ್ತಿದ ಮೇಲೆ ಕೀಬೋರ್ಡು, ಗಿಟಾರು ಬಂದವು. ಮೂರ್ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸುವ ಕಾರ್ಡ್‌ಗಳೂ ಬಂದವು. ಈ ಹಾಡುಗಳಿಗೆ ಕಾರ್ಡ್ ಬೇಕೇ ಎಂದು ಮೂಗು ಮುರಿಯುವವರಿದ್ದಾರೆ. ಅದು ವೇದಿಕೆಯಲ್ಲಿ ತೀರ್ಮಾನವಾಗಬೇಕಾದ ಮಾತು. ನುಡಿಸುತ್ತಿರುವುದನ್ನು ಕಂಪ್ಯೂಟರಿನಲ್ಲಿ ಹೇಗೆ ಬರೆದಿಡಬೇಕು ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಕನ್ನಡಕ್ಕೆಂದು ಸಂಗೀತ ಲಿಪಿಯ ತಂತ್ರಾಂಶ ಮಾಡುವವರು ಹೊರಗಿನ ಸಂಕೇತಗಳನ್ನು ಇದ್ದಂತೆಯೇ ಎತ್ತಿಕೊಳ್ಳಬಾರದು ಎಂಬುದು ನನ್ನ ವಾದ.

1996ರಲ್ಲಿ ಶುರುವಾದ ಲಿಲಿಪಾಂಡ್ ತಂತ್ರಾಂಶವನ್ನೇ ನೋಡಿ. ಅದರಲ್ಲಿ ‘ಸಿ4’ ಎಂದರೆ ಕಾಲು ಅವಧಿಯ ಸಿ ಸ್ವರ. ಸ್ಥಾಯಿಗೆ ಅಂಕಿ ಕೊಡುವ ಪದ್ಧತಿಯಲ್ಲಿ ಅದೇ ‘ಸಿ4’ ಪಿಯಾನೋದ ನಡುವಿನ ಸಿ. ಇನ್ನು ‘ಜಿ1:7’ ಎಂದು ಬರೆದರೆ ಒಂದು ಅಂಕಿ ಅವಧಿಯದ್ದು, ಇನ್ನೊಂದು ಕಾರ್ಡಿನದ್ದು. ಅಲ್ಪವಿರಾಮದ ಪಾಡು ಇದಕ್ಕಿಂತ ಕಷ್ಟ. ಲಿಲಿಪಾಂಡ್‌ನಲ್ಲೂ ಎಬಿಸಿ ಎಂಬ ಇನ್ನೊಂದು ಸಂಗೀತ ಲಿಪಿಯಲ್ಲೂ ಅದು ಸ್ವರವನ್ನು ಕೆಳಗಿನ ಸ್ಥಾಯಿಗೆ ಇಳಿಸುತ್ತದೆ. ನಮ್ಮ ಸ್ವರಲಿಪಿಯಲ್ಲಿ ಸ್ವರವನ್ನು ಒಂದು ಅಕ್ಷರಕಾಲ ಎಳೆಯುತ್ತದೆ. ಗೀತೆ, ವರ್ಣ ಕಲಿತ ಕಣ್ಣು ಇಲ್ಲಿ ಎಡವದೆ ಇರುವುದಿಲ್ಲ.

ನಮ್ಮಲ್ಲಿ ಇರುವುದೇನು? ಹ್ರಸ್ವ ‘ಸ’ ಒಂದು ಅಕ್ಷರಕಾಲ, ದೀರ್ಘ ‘ಸಾ’ ಎರಡು. ಅವಧಿಗೆ ಅಂಕಿಯೇ ಬೇಡ. ವೆಂಕಟಮಖಿಯ ಪರಂಪರೆಯ ಮೇಳಪದ್ಧತಿಯಲ್ಲಿ ಸ್ವರಭೇದವೂ ಕಾಗುಣಿತದಲ್ಲೇ ಅಡಗಿದೆ: ಗ, ಗಿ, ಗು ಎಂದರೆ ಶುದ್ಧ, ಸಾಧಾರಣ, ಅಂತರ ಗಾಂಧಾರಗಳು. ಎರಡನ್ನೂ ಕೂಡಿಸಿದರೂ ಘರ್ಷಣೆಯಿಲ್ಲ, ಎಳೆದ ಅಂತರ ಗಾಂಧಾರ ‘ಗೂ’ ಆಗುತ್ತದೆ. ಒಟ್ಟಿಗೆ ನುಡಿಸಬೇಕಾದ್ದನ್ನು ಚೌಕ ಬ್ರಾಕೆಟ್ಟಿನಲ್ಲಿಟ್ಟರೆ [ಸಗುಪ] ಮೇಜರ್ ಕಾರ್ಡ್, [ಸಗಿಪ] ಮೈನರ್. ಕೊನೆಗೆ ಕೈಶಿಕಿ ನಿಷಾದ ಸೇರಿಸಿ [ಸಗುಪನಿ] ಎಂದರೆ ಸೆವೆಂತ್, ಕಾಕಲಿ ಸೇರಿಸಿ [ಸಗುಪನು] ಎಂದರೆ ಮೇಜರ್ ಸೆವೆಂತ್. ಏನು ನುಡಿಸಬೇಕೋ ಅದೇ ಕಣ್ಣಿಗೆ ಕಾಣುತ್ತದೆ.

ಗಿಟಾರ್ ಹಿಡಿದವರಿಗೆ ಹೆಸರು ಕಂಡರೆ ಸಾಕು, ಬೆರಳು ತಾನೇ ಜಾಗ ಹಿಡಿಯುತ್ತದೆ, ಸ್ವರ ಬಿಡಿಸಿ ಬರೆಯುವುದು ವ್ಯರ್ಥ ಎನ್ನಬಹುದು. ಒಪ್ಪತಕ್ಕ ಮಾತೇ. ಆದರೆ ‘ಸ’ ಯಾವ ಮನೆ ಎಂದು ಮೇಲೊಮ್ಮೆ ಬರೆದುಬಿಟ್ಟರೆ ಈ ಸ್ವರಗಳಿಂದ ಇಂಗ್ಲಿಷ್ ಹೆಸರನ್ನು ತಂತ್ರಾಂಶವೇ ಲೆಕ್ಕ ಹಾಕಿ ಮುದ್ರಿಸಬಲ್ಲದು. ಗಾಯಕಿಗೆ ಶ್ರುತಿ ಏರಿಸಬೇಕಾದರೆ ಆ ಒಂದು ಸಾಲು ಬದಲಾದರಾಯಿತು. ಸಿ, ಎಫ್, ಜಿ ಎಂದು ಬರೆದರೆ ಹಾಡಿನುದ್ದಕ್ಕೂ ಹೆಸರುಗಳೇ ಬದಲಾಗುತ್ತವೆ. ರ-ರಿ-ರು ಎಲ್ಲರಿಗೂ ಗೊತ್ತಿಲ್ಲ ಎಂಬುದೂ ನಿಜ, ಆದರೆ ಕಾಗುಣಿತ ಬಲ್ಲವರಿಗೆ ಅದು ಒಂದು ಸಂಜೆಯ ಪಾಠ.

ಸಾಹಿತ್ಯದ ನಡುವೆ ಕಾರ್ಡ್ ಸೇರಿಸುವಾಗ ಮಾತ್ರ ಎಚ್ಚರ ಬೇಕು. ‘ಮಾದೇಶ್ವರ’ದಲ್ಲಿ ತಂತ್ರಾಂಶವು ಶ್ ಮತ್ತು ವ ನಡುವೆ ಬ್ರಾಕೆಟ್ ತುರುಕಿದರೆ ಒತ್ತಕ್ಷರ ಒಡೆದು ‘ಮಾದೇಶ್[ಮಧಿಸ]ವರ’ ಆಗುತ್ತದೆ. ಹಾಡುವಾಗ ಪೆಟ್ಟು ವಕಾರದ ಮೇಲೇ ಬೀಳುತ್ತದೆ, ನಿಜ. ಆದರೂ ‘ಮಾದೇ[ಮಧಿಸ]ಶ್ವರ’ ಎಂದು ಇಡಿಯ ಅಕ್ಷರದ ಮುಂದೆ ಬರೆಯುವ ನಿಯಮವೇ ಇರಲಿ. ಅರೆಕ್ಷಣದ ಆ ವ್ಯತ್ಯಾಸವನ್ನು ನುಡಿಸುವವರ ಕಿವಿ ಸರಿಮಾಡಿಕೊಳ್ಳುತ್ತದೆ.